ಊರು ಒಪ್ಪುವ ಡಿ.ಜೆ.



ಮದುವೆಯ ಮುನ್ನಾದಿನ ಮದರಂಗಿಯ ರಾತ್ರಿ ನಮ್ಮ ಮಂಗಲ್ಪಾಡಿಯ ಕೆಲವು ಮನೆಗಳಲ್ಲಿ ಈಗ ಡಿ.ಜೆ. ಇರುತ್ತದೆ. "ಬಂದ ನೋಡಿ ಮೈಕಾಸುರ" ಎಂದು ನಾವು ಹಿರಿಯರು ಕಿಟಕಿ ಮುಚ್ಚಿಕೊಳ್ಳುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ನೆರೆಮನೆಯ ಚಪ್ಪರಕ್ಕೆ ದೂರು ಹೇಳಲು ಹೋದವನು ಅಲ್ಲಿದ್ದ ಹುಡುಗನ ಕೆಲಸ ನೋಡುತ್ತ ಅರ್ಧ ಗಂಟೆ ನಿಂತುಬಿಟ್ಟೆ. ಇದೂ ಒಂದು ವಿದ್ಯೆ ಎಂದು ಅಂದು ತಿಳಿಯಿತು.

ಡಿಸ್ಕ್ ಎಂದರೆ ಹಾಡಿನ ತಟ್ಟೆ, ಜಾಕಿ ಎಂದರೆ ಸವಾರ. ಮೊದಲು ರೇಡಿಯೋದಲ್ಲಿ ತಟ್ಟೆ ಹಾಕಿ ಮಾತನಾಡುವವರಿಗೆ ಈ ಹೆಸರಿತ್ತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಜಮೈಕಾ ಮೂಲದ 18ರ ತರುಣನೊಬ್ಬ ತಾನಿದ್ದ ವಸತಿ ಕಟ್ಟಡದ ಕೋಣೆಯಲ್ಲೇ ಹಾಡು ಹಾಕಿದ. ತಂಗಿ ಶಾಲೆಯ ಬಟ್ಟೆಗೆ ದುಡ್ಡು ಕೂಡಿಸಲು ಏರ್ಪಡಿಸಿದ ಕೂಟ ಅದು. ಕೂಲ್ ಹರ್ಕ್ ಎಂದು ಮುಂದೆ ಹೆಸರಾದ ಆತ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು, ಜನ ಕುಣಿಯುವ ಭಾಗವನ್ನಷ್ಟೇ ಬೆಳೆಸುವ ಕ್ರಮವನ್ನು ರೂಢಿಗೆ ತಂದ. ಅವನನ್ನು ಮೊದಲು ಒಪ್ಪಿದ್ದು ನೆರೆಹೊರೆಯೇ.

ಕಲಿಯುವವನ ಮೊದಲ ಪಾಠ ಎಣಿಕೆ. ಒಂದು ಹಾಡು ನಿಮಿಷಕ್ಕೆ 120 ಬಡಿತದ್ದು, ಮುಂದಿನದು 126 ಬಡಿತದ್ದು ಎಂದಿಟ್ಟುಕೊಳ್ಳಿ. ಎರಡನೆಯದನ್ನು ಸುಮಾರು ಶೇಕಡಾ 4.8ರಷ್ಟು ನಿಧಾನಿಸಿದರೆ ಹೆಜ್ಜೆ ತಪ್ಪುವುದಿಲ್ಲ. ಮುಂದಿನ ಹಾಡನ್ನು ಅವನು ಒಂದು ಕಿವಿಯಿಂದ ಹೆಡ್‌ಫೋನಿನಲ್ಲಿ ಕೇಳುತ್ತಾನೆ, ಇನ್ನೊಂದು ಕಿವಿ ಚಪ್ಪರದ ಹಾಡಿನ ಮೇಲೆ. ನಾಲ್ಕು ನಾಲ್ಕಾಗಿ ಎಣಿಸಿ, ಆವರ್ತ ಮುಗಿಯುವಲ್ಲಿ ಹೊಸ ಹಾಡು ತರಬೇಕು. ಈಗಿನ ಕಂಪ್ಯೂಟರ್ ಇದನ್ನು ಒಂದು ಗುಂಡಿಯಲ್ಲಿ ಮಾಡುತ್ತದೆ. ಆದರೆ ಹಳೆಯ ಸಿನಿಮಾ ಹಾಡುಗಳಲ್ಲಿ ಕೈಯಿಂದ ಬಾರಿಸಿದ ತಬಲೆ, ಢೋಲಕ್‌ಗಳ ವೇಗ ತುಸು ಏರಿಳಿಯುವುದರಿಂದ ಅಲ್ಲಿ ಯಂತ್ರ ಎಡವುತ್ತದೆ. ಕಿವಿ ಪಳಗದೆ ಕೆಲಸ ನಡೆಯದು.

ಎರಡನೆಯ ಪಾಠ ತಾಳ್ಮೆ. ಇದನ್ನು ಪಾರ್ತಿಸುಬ್ಬನ ಕುಂಬಳೆಯ ನೆರೆಯವರಾದ ನಮಗೆ ವಿವರಿಸಬೇಕಾಗಿಲ್ಲ. ಬಯಲಾಟದಲ್ಲಿ ಹೊಸ ಹುಡುಗರಿಗೆ ಸಿಗುವುದು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳು. ಆಗ ಹಾಡುವವನೂ ಮುಖ್ಯ ಭಾಗವತನಲ್ಲ, ಕಲಿಯುತ್ತಿರುವ ಸಂಗೀತಗಾರ. ಜನ ಇನ್ನೂ ಚಾಪೆ ಹಾಸುತ್ತಿರುತ್ತಾರೆ. ಹೊಸ ಡಿ.ಜೆ.ಗೂ ಸಿಗುವುದು ಅಂಥ ಖಾಲಿ ಅಂಗಳದ ಹೊತ್ತೇ. ಆಗಲೇ ಅಬ್ಬರದ ಹಾಡು ಹಾಕಿದರೆ ಊಟಕ್ಕೆ ಕುಳಿತವರಿಗೆ ಮಾತಾಡಲಾಗದು, ಮುಂದೆ ಬರುವವನಿಗೆ ಹಾಡೂ ಉಳಿಯದು. ಮೆಲುದನಿಯಲ್ಲಿ ಹಾಕುತ್ತ, ಯಾರ ಕಾಲು ಕುಳಿತಲ್ಲೇ ತಾಳ ಹಾಕುತ್ತಿದೆ ಎಂದು ನೋಡಿಕೊಳ್ಳಬೇಕು.

ನಮ್ಮಲ್ಲಿ ಅದು ಸುಲಭವೂ ಅಲ್ಲ. ತುಳು, ಮಲಯಾಳ, ಕನ್ನಡ, ಕೊಂಕಣಿ, ಉಪ್ಪಳದ ಉರ್ದು, ಎಲ್ಲರೂ ಒಂದೇ ಚಪ್ಪರದಲ್ಲಿರುತ್ತಾರೆ. ಮಾಪಿಳ್ಳೆ ಪಾಟಿನಿಂದ ತುಳು ಹಾಡಿಗೆ ದಾಟುವಾಗ ತಾಳ ಕೂಡಿದರೆ ಸಾಲದು. ಈಗತಾನೇ ಕುಣಿದವರು ಕುಳಿತು, ಕುಳಿತಿದ್ದವರು ಏಳುವಷ್ಟು ಬಿಡುವು ಬೇಕು. ಅಜ್ಜಿಯೊಬ್ಬಳು ತನ್ನ ಕಾಲದ ಹಾಡು ಕೇಳಿ ನಕ್ಕರೆ ಆ ಹುಡುಗನಿಗೆ ಮುಂದಿನ ಮದುವೆಯ ಕರೆ ಬಂದಂತೆಯೇ.

ಮೂರನೆಯ ಪಾಠ ಬೇಲಿಯಾಚೆಯವರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ಗೋಡೆ ದಾಟಿ ಎದೆಗೆ ಗುದ್ದುವುದು ಹೆಚ್ಚಾಗಿ ಮಂದ್ರದ ದನಿ. ಆದ್ದರಿಂದ ಬಲ್ಲವನು ಪೆಟ್ಟಿಗೆಗಳನ್ನು ನೆರೆಮನೆಗೆ ಬೆನ್ನುಮಾಡಿ ಇಡುತ್ತಾನೆ, ಬೇಲಿಯ ಬಳಿ ಹೋಗಿ ತಾನೇ ಕೇಳಿ ಬಂದು ಮೊದಲು ಮಂದ್ರವನ್ನು ಇಳಿಸುತ್ತಾನೆ. ಬಾಂಗ್ ಕೇಳಿದರೆ, ದೇವಸ್ಥಾನದಲ್ಲಿ ಪೂಜೆಯ ಹೊತ್ತಾದರೆ ಯಾರೂ ಹೇಳದೆಯೇ ನಿಲ್ಲಿಸುತ್ತಾನೆ.

ನಾನು ಅಂದು ಆ ಹುಡುಗನಿಗೆ ಹೇಳಿದ್ದು ಇಷ್ಟೇ: "ನನ್ನ ಮನೆಯಲ್ಲಿ ಕಾಯಿಲೆಯವರಿದ್ದಾರೆ ಮಗಾ." ಅವನು ಹೆಡ್‌ಫೋನ್ ತೆಗೆದು, "ಮೊದಲೇ ಹೇಳಬಾರದಿತ್ತೇ?" ಎಂದ. ದನಿ ಇಳಿಯಿತು, ಕುಣಿತ ನಿಲ್ಲಲಿಲ್ಲ. ಅವನ ಪ್ರಶ್ನೆ ನ್ಯಾಯವಾದದ್ದೇ. ನಾವು ಕಿಟಕಿ ಮುಚ್ಚಿ ಬೈದುಕೊಂಡರೆ ಅವನ ಕಿವಿಗೆ ಬೀಳುವುದು ಗೆಳೆಯರ ಶಿಳ್ಳೆ ಮಾತ್ರ.

ಆದ್ದರಿಂದ ಮುಂದಿನ ಸಲ ಮನೆಗೆ ಡಿ.ಜೆ. ಕರೆಸುವಾಗ ಬಾಡಿಗೆಯನ್ನಷ್ಟೇ ಕೇಳಬೇಡಿ. ಮನೆಯವರ ಭಾಷೆಗಳನ್ನೂ ಇಷ್ಟದ ಹಾಡುಗಳನ್ನೂ ಹೇಳಿ. ಪಕ್ಕದ ಮನೆಯಲ್ಲಿ ಹಸುಗೂಸು, ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು ಇದ್ದಾರೆಯೇ ಎಂದು ತಿಳಿಸಿ. ಸಮಯಕ್ಕೆ ಸರಿಯಾಗಿ ನಿಲ್ಲಿಸಿದರೆ ಒಂದು ಒಳ್ಳೆಯ ಮಾತು ಆಡಿ ಕಳುಹಿಸಿ.