ಮೋಟಾರುಗಳ ಆರಂಭಿಕ ವಿದ್ಯುತ್ ಬೇಡಿಕೆ: ಜನರೇಟರ್ ಖರೀದಿಗೆ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಸುತ್ತಲಿನ ಹೈನುಗಾರರು ಮತ್ತು ತರಕಾರಿ ಬೆಳೆಗಾರರು ಜನರೇಟರ್ ಕೊಳ್ಳುವಾಗ ಉಪಕರಣದ ಮೇಲೆ ನಮೂದಿಸಿದ ವ್ಯಾಟ್ ಮಾತ್ರ ಪರಿಗಣಿಸಿದರೆ ಸಾಲದು. ನಿಂತಿರುವ ಮೋಟಾರು ಪೂರ್ಣ ವೇಗ ಪಡೆಯುವವರೆಗಿನ ಕೆಲವು ಕ್ಷಣ, ತನ್ನ ಸಾಮಾನ್ಯ ಕರೆಂಟಿನ ಸುಮಾರು 5ರಿಂದ 7 ಪಟ್ಟು ಎಳೆಯುತ್ತದೆ. ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳಿಗೆ ಈ ಸಮಸ್ಯೆಯಿಲ್ಲ. ಪಂಪು, ಫ್ರಿಜ್, ಹಾಲು ಕರೆಯುವ ಯಂತ್ರಗಳಿಗೆ ಇದೆ.

ಲೆಕ್ಕ ಹಾಕುವ ವಿಧಾನ

1 ಎಚ್‌ಪಿ ಎಂದರೆ 746 ವ್ಯಾಟ್. ಆದರೆ ಇದು ಮೋಟಾರು ನೀಡುವ ಶಕ್ತಿ. ನಷ್ಟ ಸೇರಿ ಸಣ್ಣ ಸಿಂಗಲ್ ಫೇಸ್ ಪಂಪು ಸುಮಾರು 1,200 ವ್ಯಾಟ್ ಬಳಸುತ್ತದೆ. ಆರಂಭಕ್ಕೆ ಕನಿಷ್ಠ 3 ಪಟ್ಟು, ಅಂದರೆ 3,600 ವ್ಯಾಟ್ ಎಂದು ಎಣಿಸಿರಿ. ಫ್ರಿಜ್, ದೀಪ, ಫ್ಯಾನುಗಳಿಗೆ 350 ವ್ಯಾಟ್ ಸೇರಿಸಿದರೆ 3,950 ವ್ಯಾಟ್, 0.8 ಪವರ್ ಫ್ಯಾಕ್ಟರಿಗೆ ಸುಮಾರು 5 ಕೆವಿಎ ಜನರೇಟರ್ ಬೇಕು.

ಅನುಸರಿಸಬೇಕಾದ ಕ್ರಮಗಳು

• ಮೊದಲು ದೊಡ್ಡ ಮೋಟಾರನ್ನು, ಅನಂತರ ಉಳಿದವನ್ನು ಒಂದೊಂದಾಗಿ ಚಾಲೂ ಮಾಡಿರಿ.
• ವೋಲ್ಟೇಜ್ ಶೇ. 20ರಷ್ಟು ಇಳಿದರೆ ಆರಂಭಿಕ ತಿರುಗುಬಲ ಶೇ. 64ಕ್ಕೆ ಕುಸಿಯುತ್ತದೆ. ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ ತಕ್ಷಣ ನಿಲ್ಲಿಸಿರಿ. ಇಲ್ಲವಾದರೆ ವೈಂಡಿಂಗ್ ಸುಡುತ್ತದೆ.
• ನಿಂತ ಫ್ರಿಜ್ಜನ್ನು 3ರಿಂದ 5 ನಿಮಿಷ ಬಿಟ್ಟು ಚಾಲೂ ಮಾಡಿರಿ.
• ತ್ರೀ ಫೇಸ್ ಪಂಪಿಗೆ ಸೂಕ್ತವಿದ್ದರೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಅಳವಡಿಸಿರಿ. ಲೈನಿನಿಂದ ಎಳೆಯುವ ಆರಂಭಿಕ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ.
• ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿ ಬಳಸಿರಿ. ಜನರೇಟರ್ ವಿದ್ಯುತ್ ಲೈನಿಗೆ ಹಿಮ್ಮುಖವಾಗಿ ಹರಿದರೆ ದುರಸ್ತಿಯಲ್ಲಿ ತೊಡಗಿದ ಲೈನ್‌ಮನ್‌ಗಳ ಪ್ರಾಣಕ್ಕೆ ಅಪಾಯ.