ಆರನೇ ತರಗತಿಯಲ್ಲೊಂದು ಸಂತೆ: ಚಟುವಟಿಕೆಯೆಂದರೆ ಥರ್ಮೋಕೋಲ್ ಅಲ್ಲ

ಬೆಂಗಳೂರು: ರಾತ್ರಿ ಒಂಬತ್ತು ಗಂಟೆಗೆ ಬಡಾವಣೆಯ ಸ್ಟೇಷನರಿ ಅಂಗಡಿ ಅರ್ಧ ಬಾಗಿಲು ಎಳೆದುಕೊಂಡಿರುವಾಗ ಓಡೋಡಿ ಬರುವ ಗಿರಾಕಿಯನ್ನು ಕಂಡರೆ ಅಂಗಡಿಯವರಿಗೆ ವಿಷಯ ತಾನಾಗಿ ತಿಳಿಯುತ್ತದೆ. ಮರುದಿನ ಶಾಲೆಯಲ್ಲಿ ಮಗುವಿಗೆ ‘ಆಕ್ಟಿವಿಟಿ’ ಇದೆ. ಥರ್ಮೋಕೋಲ್ ಹಾಳೆ, ಅಂಟು, ಬಣ್ಣದ ಕಾಗದಗಳು ಮನೆ ಸೇರುತ್ತವೆ. ಅಪ್ಪ ಕತ್ತರಿಸುತ್ತಾರೆ, ಅಮ್ಮ ಅಂಟಿಸುತ್ತಾರೆ, ಹನ್ನೊಂದು ಗಂಟೆಯ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ. ಬೆಳಗಾದ ಮೇಲೆ ಜ್ವಾಲಾಮುಖಿಯೊಂದು ಆಟೋರಿಕ್ಷಾ ಏರಿ ಶಾಲೆಗೆ ಹೋಗುತ್ತದೆ.

ಇದಕ್ಕೂ ಚಟುವಟಿಕೆಯೆಂದೇ ಹೆಸರು. ಆದರೆ ಶಿಕ್ಷಣದ ಕಾನೂನು ಮತ್ತು ಪಠ್ಯಕ್ರಮಗಳು ಚಟುವಟಿಕೆ ಎಂಬ ಮಾತನ್ನು ಬಳಸುವುದು ಬೇರೆಯೇ ಅರ್ಥದಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಎಂಟನೇ ತರಗತಿಯವರೆಗಿನ ಕಲಿಕೆಯು ಚಟುವಟಿಕೆ, ಅನ್ವೇಷಣೆ ಹಾಗೂ ಶೋಧನೆಯ ಮೂಲಕ ನಡೆಯಬೇಕೆಂದೂ, ಮಗುವನ್ನು ಭಯದಿಂದ ಮುಕ್ತಗೊಳಿಸಬೇಕೆಂದೂ ಹೇಳುತ್ತದೆ. ಅಂದರೆ ಚಟುವಟಿಕೆಯು ಪಾಠ ಮುಗಿದ ಮೇಲೆ ಉಳಿದ ಸಮಯದಲ್ಲಿ ಮಾಡುವ ಅಲಂಕಾರವಲ್ಲ, ಪಾಠ ನಡೆಯಬೇಕಾದ ರೀತಿಯೇ ಅದು.

ಮೂರನೇ ತರಗತಿಯ ನಂತರ ಏನಾಗುತ್ತದೆ?

ಕರ್ನಾಟಕಕ್ಕೆ ಈ ವಿಚಾರ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ‘ನಲಿ-ಕಲಿ’, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದಿತ್ತು. 2009-10ರ ಸಾಲಿನಲ್ಲಿ ಅದು ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಣೆಗೊಂಡಿತು. ಕಲಿಕಾ ಏಣಿ, ಕಾರ್ಡುಗಳು, ಸಣ್ಣ ಗುಂಪುಗಳು, ನೆಲದಲ್ಲಿ ಕುಳಿತ ಶಿಕ್ಷಕಿ ಇವೆಲ್ಲ ಆ ಪದ್ಧತಿಯ ಗುರುತುಗಳು.

ನಲಿ-ಕಲಿಯ ವ್ಯಾಪ್ತಿ ಮೂರನೇ ತರಗತಿಗೆ ಮುಗಿಯುತ್ತದೆ. ಆರನೇ ತರಗತಿಗೆ ಬರುವಷ್ಟರಲ್ಲಿ ವಿಷಯಕ್ಕೊಂದು ಪುಸ್ತಕ, ವಿಷಯಕ್ಕೊಬ್ಬ ಶಿಕ್ಷಕ, ನಲವತ್ತು ನಿಮಿಷಕ್ಕೊಂದು ಗಂಟೆ ಎಂಬ ವ್ಯವಸ್ಥೆ ನೆಲೆಗೊಂಡಿರುತ್ತದೆ. ಮಗು ಅನುಪಾತ, ಶೇಕಡಾವಾರು, ಋಣ ಸಂಖ್ಯೆ, ಅಕ್ಷಾಂಶ-ರೇಖಾಂಶ, ಪ್ರಜಾಪ್ರಭುತ್ವ ಮುಂತಾದ ಕೈಗೆ ಸಿಗದ ಪರಿಕಲ್ಪನೆಗಳನ್ನು ಎದುರುಗೊಳ್ಳುವುದು ಸರಿಯಾಗಿ ಈ ವಯಸ್ಸಿನಲ್ಲಿಯೇ. ಒಂದನೇ ತರಗತಿಯಲ್ಲಿ ಹುಣಸೆಬೀಜ ಎಣಿಸಿ ಕೂಡುವುದನ್ನು ಕಲಿತ ಮಗುವಿಗೆ, ಅದಕ್ಕಿಂತ ಎಷ್ಟೋ ಕಠಿಣವಾದ ಶೇಕಡಾವಾರನ್ನು ಕಪ್ಪುಹಲಗೆಯ ಮೇಲೆ ಬರೆದ ಸೂತ್ರದಿಂದಷ್ಟೇ ಕಲಿಯಲು ಹೇಳಲಾಗುತ್ತದೆ. ಏಳನೇ ತರಗತಿಯಲ್ಲಿ ಲಾಭ-ನಷ್ಟದ ಲೆಕ್ಕ ಕೈತಪ್ಪಿದ ಮಗು ಪ್ರೌಢಶಾಲೆಯಲ್ಲಿ ಬಡ್ಡಿ, ಬೀಜಗಣಿತಗಳ ಮುಂದೆ ಮೌನವಾಗುತ್ತದೆ. ಚಟುವಟಿಕೆಯ ಅಗತ್ಯ ಹೆಚ್ಚುವ ಘಟ್ಟದಲ್ಲಿಯೇ ಅದು ತರಗತಿಯಿಂದ ಹೊರಬೀಳುವುದು ಈ ವ್ಯವಸ್ಥೆಯ ದೊಡ್ಡ ವಿಪರ್ಯಾಸ.

ಮೆಟ್ರಿಕ್ ಮೇಳವೆಂಬ ಮಕ್ಕಳ ಸಂತೆ

ಹಾಗಾದರೆ ಹಿರಿಯ ಪ್ರಾಥಮಿಕ ಹಂತಕ್ಕೆ ಒಪ್ಪುವ ಚಟುವಟಿಕೆ ಹೇಗಿರಬೇಕು? ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಮೆಟ್ರಿಕ್ ಮೇಳ’ ಅಥವಾ ಮಕ್ಕಳ ಸಂತೆಯನ್ನು ಗಮನಿಸಿದರೆ ಸಾಕು. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ತೆಂಗಿನಕಾಯಿ, ಮಂಡಕ್ಕಿ, ಮಜ್ಜಿಗೆ ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ಊರವರು ಬಂದು ಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ, ಬಹುತೇಕ ಕಡೆ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಮೇಳದ ನಿಜವಾದ ಪಾಠ ಇರುವುದು ಅದರ ಹಿಂದಿನ ವಾರದಲ್ಲಿ ಮತ್ತು ಮುಂದಿನ ವಾರದಲ್ಲಿ.

ಉದಾಹರಣೆಗೆ ಒಬ್ಬ ಬಾಲಕಿ ಕಟ್ಟಿಗೆ 5 ರೂಪಾಯಿಯಂತೆ 20 ಕಟ್ಟು ಕೊತ್ತಂಬರಿ ಸೊಪ್ಪು ಕೊಂಡಳೆನ್ನಿ. ಬಂಡವಾಳ 100 ರೂಪಾಯಿ. ಬೆಳಗ್ಗೆ 14 ಕಟ್ಟುಗಳನ್ನು 8 ರೂಪಾಯಿಯಂತೆ ಮಾರಿದಳು, 112 ರೂಪಾಯಿ ಬಂತು. ಮಧ್ಯಾಹ್ನದ ಬಿಸಿಲಿಗೆ ಉಳಿದ ಆರು ಕಟ್ಟುಗಳು ಬಾಡಿದವು. ಅವನ್ನು 3 ರೂಪಾಯಿಯಂತೆ ಕೊಟ್ಟುಬಿಟ್ಟಳು, 18 ರೂಪಾಯಿ. ಒಟ್ಟು 130, ಲಾಭ 30 ರೂಪಾಯಿ, ಅಂದರೆ ಶೇಕಡಾ 30. ಬಾಡುವ ಮೊದಲು ಅವಳ ಲೆಕ್ಕದಲ್ಲಿ ಲಾಭ ಶೇಕಡಾ 60 ಇತ್ತು. ಅರ್ಧದಷ್ಟು ಲಾಭ ಎಲ್ಲಿಗೆ ಹೋಯಿತು? ಈ ಪ್ರಶ್ನೆ ಗಣಿತದ ಅವಧಿಯಲ್ಲಿ ಹುಟ್ಟಿ ವಿಜ್ಞಾನದ ಅವಧಿಗೆ ನಡೆದುಹೋಗುತ್ತದೆ. ಎಲೆಯಿಂದ ನೀರು ಆವಿಯಾಗುವುದು, ಒದ್ದೆ ಗೋಣಿ ಹೊದಿಸಿದರೆ ಸೊಪ್ಪು ತಾಜಾ ಉಳಿಯುವುದು, ಸೊಪ್ಪು ಬಾಡಿದಷ್ಟು ಬೇಗ ಕುಂಬಳಕಾಯಿ ಬಾಡದಿರುವುದು ಇವೆಲ್ಲ ಆ ಆರು ಕಟ್ಟುಗಳ ಹಿಂದಿರುವ ಪಾಠಗಳೇ. ಬೆಳೆಗಾರನಿಗೆ ಸಿಗುವ ಬೆಲೆಗೂ ನಗರದವರು ಕೊಡುವ ಬೆಲೆಗೂ ಇರುವ ಅಂತರದ ಒಂದು ಎಳೆಯೂ ಅಲ್ಲಿಯೇ ಇದೆ. ಅದು ಸಮಾಜ ವಿಜ್ಞಾನದ ಪಾಲು.

ಇನ್ನೊಬ್ಬ ಬಾಲಕ ಒಗ್ಗರಣೆ ಮಂಡಕ್ಕಿ ಮಾರಿ, ಬಂದ ಹಣವೆಲ್ಲ ಲಾಭವೆಂದು ಬರೆಯುತ್ತಾನೆ. ಎಣ್ಣೆ, ಶೇಂಗಾ, ಗ್ಯಾಸ್ ಮನೆಯದು. ನಸುಕಿನಲ್ಲೆದ್ದು ಒಗ್ಗರಣೆ ಹಾಕಿದವರು ತಾಯಿ. ಆ ದುಡಿಮೆಗೆ ಬೆಲೆ ಎಷ್ಟು, ಅದನ್ನು ಅಸಲಿಗೆ ಸೇರಿಸಬೇಕೇ ಎಂದು ಶಿಕ್ಷಕರು ಕೇಳಿದರೆ ತರಗತಿ ಎರಡು ಭಾಗವಾಗುವುದು ನಿಶ್ಚಿತ. ಮನೆಯೊಳಗಿನ ದುಡಿಮೆಯ ಕುರಿತು ಪಠ್ಯಪುಸ್ತಕದ ಪುಟಗಳು ಮಾಡಲಾರದ ಚರ್ಚೆಯನ್ನು ಒಂದು ಬುಟ್ಟಿ ಮಂಡಕ್ಕಿ ಮಾಡಿಸಬಲ್ಲದು.

ಮೇಳದ ಹೆಸರಿನಲ್ಲಿರುವ ‘ಮೆಟ್ರಿಕ್’ ಎಂಬ ಪದಕ್ಕೂ ಅರ್ಥವಿದೆ. ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಸೇರು, ಪಾವುಗಳ ಜಾಗಕ್ಕೆ ಕಿಲೋ, ಲೀಟರುಗಳು ಬಂದದ್ದು 1956ರ ಕಾನೂನಿನ ನಂತರ, ಹಂತಹಂತವಾಗಿ. ಹೂವಿನ ಮಾರುಕಟ್ಟೆ ಮಾತ್ರ ಇಂದಿಗೂ ಮೊಳ, ಮಾರುಗಳನ್ನು ಬಿಟ್ಟುಕೊಟ್ಟಿಲ್ಲ. ಆರನೇ ತರಗತಿಯ ಬಾಲಕಿ ತನ್ನ ಮೊಳದಲ್ಲಿ ಅಳೆದು ಮಾರಿದ ಹೂವನ್ನು ಶಿಕ್ಷಕಿ ತಮ್ಮ ಮೊಳದಲ್ಲಿ ಅಳೆದರೆ ಕಡಿಮೆ ಬರುತ್ತದೆ. ಜಗಳ ಹುಟ್ಟುತ್ತದೆ. ಮಾನಕ ಅಳತೆ ಏಕೆ ಬೇಕೆಂಬುದು ಆ ಜಗಳದಲ್ಲಿ ಅರ್ಥವಾದಷ್ಟು ವ್ಯಾಖ್ಯೆಯಿಂದ ಅರ್ಥವಾಗುವುದಿಲ್ಲ. ಅಂದಹಾಗೆ, ಮೇಳದಲ್ಲಿ ಕ್ಯೂಆರ್ ಕೋಡ್ ಅಂಟಿಸುವ ಉತ್ಸಾಹವನ್ನು ಶಾಲೆಗಳು ತಡೆದುಕೊಳ್ಳುವುದು ಒಳಿತು. ಚಿಲ್ಲರೆ ಎಣಿಸಿ ಹಿಂದಿರುಗಿಸುವ ಅಭ್ಯಾಸವೇ ಅಲ್ಲಿ ಅರ್ಧ ಗಣಿತ.

ಭಾಷೆಯ ಪಾಲೂ ಇದೆ. ದರಪಟ್ಟಿ, ಜಾಹೀರಾತು ಫಲಕ, ಚೌಕಾಸಿಯ ಸಂಭಾಷಣೆ, ಮರುದಿನ ಬರೆಯುವ ವರದಿ ಕನ್ನಡಕ್ಕೆ ಸೇರುತ್ತವೆ. ರಸೀದಿ ಬರೆಯುವುದನ್ನು ಇಂಗ್ಲಿಷ್ ಶಿಕ್ಷಕರು ವಹಿಸಿಕೊಳ್ಳಬಹುದು.

ಒಂದು ಕೋಲು, ಒಂದು ನೆರಳು

ಸಂತೆಗೆ ಸಿದ್ಧತೆ ಬೇಕು. ಏನೂ ಖರ್ಚಿಲ್ಲದ ಚಟುವಟಿಕೆಗಳೂ ಇವೆ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ಹದಿನೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟು ಉದ್ದ ಬರೆದುಕೊಂಡರೆ ನಕ್ಷೆಯೊಂದು ಸಿದ್ಧವಾಗುತ್ತದೆ. ಅತಿ ಚಿಕ್ಕ ನೆರಳು ಉತ್ತರ-ದಕ್ಷಿಣದ ಗೆರೆಯನ್ನು ತೋರಿಸುತ್ತದೆ. ಕೋಲಿನ ನೆರಳು 80 ಸೆಂಟಿಮೀಟರ್ ಇದ್ದಾಗ ತೆಂಗಿನ ಮರದ ನೆರಳು 9.6 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್ ಎಂಬ ಅನುಪಾತದ ಲೆಕ್ಕ ಮರ ಹತ್ತದೆಯೇ ಸಿಗುತ್ತದೆ.

ಬೆಂಗಳೂರಿನಲ್ಲಿ ಈ ಪ್ರಯೋಗ ಮಾಡಿದ ಮಕ್ಕಳಿಗೆ ಒಂದು ಅಚ್ಚರಿ ಕಾದಿರುತ್ತದೆ. ಅತಿ ಚಿಕ್ಕ ನೆರಳು ಹನ್ನೆರಡು ಗಂಟೆಗೆ ಬೀಳುವುದಿಲ್ಲ, ವರ್ಷದ ಬಹುಪಾಲು ದಿನಗಳಲ್ಲಿ ಅದಕ್ಕಿಂತ ತಡವಾಗಿ ಬೀಳುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಸುಮಾರು ಇಪ್ಪತ್ತು ನಿಮಿಷ ತಡ. ರೇಖಾಂಶವೆಂಬ ಕಾಣದ ಗೆರೆ ಹೀಗೆ ಶಾಲೆಯ ಅಂಗಳದಲ್ಲಿ ಕಾಣಿಸಿಕೊಳ್ಳುತ್ತದೆ.

ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಈ ‘ಶೂನ್ಯ ನೆರಳಿನ ದಿನ’ಗಳು ಏಪ್ರಿಲ್ 24-25 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ಏಪ್ರಿಲಿನದು ಬೇಸಿಗೆ ರಜೆಗೆ ಸಿಕ್ಕಿಬೀಳುತ್ತದೆ, ಆಗಸ್ಟಿನದು ಮೋಡಕ್ಕೆ! ಆದರೂ ಆಗಸ್ಟಿನಲ್ಲಿ ಒಂದು ಕೋಲು ನೆಟ್ಟು ಕಾಯುವುದರಿಂದ ಶಾಲೆಗೆ ನಷ್ಟವೇನಿಲ್ಲ.

ಊರನ್ನು ಓದುವುದು

ಕೋವಿಡ್ ನಂತರ 2022-23ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಕೈಗೊಂಡಿತು. ಆಗ ನಡೆದ ಕಲಿಕಾ ಹಬ್ಬಗಳಲ್ಲಿ ‘ಊರು ತಿಳಿಯೋಣ’ ಎಂಬ ವಿಭಾಗವಿತ್ತು. ಹಳ್ಳಿಗೆ ಸೀಮಿತವಾಗಬೇಕಾದ ಕಲ್ಪನೆಯಲ್ಲ ಅದು. ನಗರದ ಮಗು ತನ್ನ ಮನೆಯ ನಲ್ಲಿಯಿಂದಲೇ ಆರಂಭಿಸಬಹುದು. ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರವನ್ನು ಕ್ರಮಿಸಿ, ಮೇಲೇರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಮನೆಯ ನೀರಿನ ಮೀಟರನ್ನು ಒಂದು ವಾರ ಓದಿ, ತಲೆಗೆಷ್ಟು ಲೀಟರ್ ಎಂದು ಭಾಗಿಸಿ, ಟ್ಯಾಂಕರ್ ನೀರಿನ ಬೆಲೆಯೊಂದಿಗೆ ಹೋಲಿಸಿ, ಬಡಾವಣೆಯ ಹಿರಿಯರನ್ನು ಹಿಂದಿನ ಬಾವಿಗಳ ಬಗ್ಗೆ ಸಂದರ್ಶಿಸಿದರೆ ನಾಲ್ಕು ವಿಷಯಗಳ ಕೆಲಸ ಒಂದೇ ನೋಟ್‌ಪುಸ್ತಕದಲ್ಲಿ ಸೇರುತ್ತದೆ.

ಎಲ್ಲಿ ಎಡವುತ್ತದೆ?

ಹೀಗಿದ್ದೂ ಜ್ವಾಲಾಮುಖಿಯೇ ಏಕೆ ಗೆಲ್ಲುತ್ತದೆ? ಕಾರಣಗಳು ಸರಳ. ನಲವತ್ತು ನಿಮಿಷದ ಅವಧಿಯಲ್ಲಿ ನೆರಳು ಅಳೆಯಲಾಗದು, ಎರಡು ವಿಷಯಗಳ ಶಿಕ್ಷಕರು ಅವಧಿಗಳನ್ನು ಒಟ್ಟುಗೂಡಿಸಿಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗಳಿಗೆ ವರ್ಷಕ್ಕೆ 220 ದಿನ, 1,000 ಬೋಧನಾ ಗಂಟೆಗಳಿರಬೇಕು, 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು. ಒಂದು ಕೊಠಡಿಯಲ್ಲಿ ಅರವತ್ತು ಮಕ್ಕಳಿದ್ದರೆ ಗುಂಪು ಕೆಲಸವೆಂಬುದು ಗದ್ದಲವಾಗುತ್ತದೆ. ಗುಂಪು ಮಾಡಿದಾಗಲೂ ಇಬ್ಬರು ಮಾಡಿ ಉಳಿದವರು ನೋಡುವುದು, ಹುಡುಗರು ಅಳೆದು ಹುಡುಗಿಯರು ಅಂದವಾಗಿ ಬರೆಯುವುದು ಸಾಮಾನ್ಯ. ಪಾತ್ರಗಳನ್ನು ಪ್ರತಿ ಬಾರಿ ಬದಲಿಸದಿದ್ದರೆ ಅಳೆಯುವುದನ್ನು ಕಲಿಯಬೇಕಾದವರೇ ಕಲಿಯದೆ ಉಳಿಯುತ್ತಾರೆ.

ತಿಂಗಳ ಮೂರನೇ ಶನಿವಾರವನ್ನು ಬ್ಯಾಗ್ ರಹಿತ ದಿನವನ್ನಾಗಿ ಆಚರಿಸಲು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ಬ್ಯಾಗ್ ರಹಿತ ದಿನಗಳನ್ನು ಸೂಚಿಸಿತು. ಅವಕಾಶಗಳೇನೋ ಇವೆ. ಆದರೆ ಶನಿವಾರ ಅಳೆದ ನೆರಳು ಸೋಮವಾರದ ಗಣಿತದ ಪುಸ್ತಕಕ್ಕೆ ಬಾರದಿದ್ದರೆ ಅದು ಪಿಕ್‌ನಿಕ್ ಅಷ್ಟೆ.

ಎಲ್ಲಕ್ಕಿಂತ ದೊಡ್ಡ ತೊಡಕು ಮೌಲ್ಯಮಾಪನದ್ದು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಾಂಕನಗಳಿದ್ದು, ರೂಪಣಾತ್ಮಕದಲ್ಲಿ ಚಟುವಟಿಕೆಗೆ ಅಂಕಗಳಿವೆ. ಅಂಕ ತುಂಬಲು ಫೈಲ್ ಬೇಕು, ಫೈಲ್ ತುಂಬಲು ಚಿತ್ರ ಬೇಕು, ಚಿತ್ರಕ್ಕೆ ಥರ್ಮೋಕೋಲ್ ಚೆನ್ನಾಗಿ ಒಪ್ಪುತ್ತದೆ. ಐದು, ಎಂಟು, ಒಂಬತ್ತನೇ ತರಗತಿಗಳ ಬೋರ್ಡ್ ಪರೀಕ್ಷೆಯ ವಿವಾದ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಪರೀಕ್ಷೆ ಬೇಕೇ ಬೇಡವೇ ಎಂಬುದರ ಬಗ್ಗೆ ಆಗ ನಡೆದಷ್ಟು ಚರ್ಚೆ, ಪ್ರಶ್ನೆ ಎಂಥದಿರಬೇಕೆಂಬುದರ ಬಗ್ಗೆ ನಡೆಯಲಿಲ್ಲ.

‘ಲಾಭ ಎಂದರೇನು? ಸೂತ್ರ ಬರೆಯಿರಿ’ ಎಂಬುದು ಒಂದು ಬಗೆಯ ಪ್ರಶ್ನೆ. ‘20 ಕಟ್ಟು ಸೊಪ್ಪಿನಲ್ಲಿ ಆರು ಬಾಡಿದವು. ನಷ್ಟವಾಗದಿರಲು ಉಳಿದ ಹದಿನಾಲ್ಕನ್ನು ಕನಿಷ್ಠ ಯಾವ ಬೆಲೆಗೆ ಮಾರಬೇಕಿತ್ತು? ಬಾಡದಂತೆ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬುದು ಇನ್ನೊಂದು ಬಗೆಯದು. ಮೊದಲನೆಯದರ ಉತ್ತರ ಗೈಡ್‌ನಲ್ಲಿ ಸಿಗುತ್ತದೆ. ಎರಡನೆಯದಕ್ಕೆ 7 ರೂಪಾಯಿ 15 ಪೈಸೆಯ ಆಸುಪಾಸಿನ ಒಂದು ಸಂಖ್ಯೆಯೂ ಒಂದು ಒದ್ದೆ ಗೋಣಿಯೂ ಬೇಕಾಗುತ್ತವೆ.