ಮೊಳಕೆಯಲ್ಲಿ ಮಲ್ಲ

ಬೆಳೆಯುವ ಪೈರು ಮೊಳಕೆಯಲ್ಲಿಯೇ ತಿಳಿಯುತ್ತದೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಗಾದೆಗಳಿಗೆ ಒಂದು ಸೌಕರ್ಯವುಂಟು: ಅವು ಫಲಿಸಿದಾಗ ನೆನೆಯುತ್ತೇವೆ, ಫಲಿಸದಿದ್ದಾಗ ಮರೆಯುತ್ತೇವೆ. ಮೊಳಕೆಯಲ್ಲಿ ಸೊಂಪಾಗಿದ್ದು ತೆನೆ ಕಟ್ಟದೆ ಹೋದ ಪೈರಿನ ಲೆಕ್ಕವನ್ನು ಯಾವ ಗಾದೆಯೂ ಇಟ್ಟುಕೊಂಡಿಲ್ಲ.

ಏಕಸಂಬಿಯ ಸುತ್ತಿನ ಹೊಲಗಳಲ್ಲಿ ಕಬ್ಬು ನೆಡುವ ರೈತನು ಬೀಜದ ತುಂಡಿನ ಕಣ್ಣನ್ನು ನೋಡಿ ಆರಿಸುತ್ತಾನೆ; ಎಮ್ಮೆಯ ಕರುವನ್ನು ಕೊಳ್ಳುವಾಗ ತಾಯಿಯ ಹಾಲನ್ನು ವಿಚಾರಿಸುತ್ತಾನೆ. ಇವೆರಡರಲ್ಲಿಯೂ ಅವನ ಊಹೆ ಬಹುಮಟ್ಟಿಗೆ ನಿಜವಾಗುತ್ತದೆ. ಆದರೆ ಅದೇ ರೈತನು ತನ್ನ ಹತ್ತು ವರ್ಷದ ಮಗನನ್ನು ತಾಲೀಮಿಗೆ ಕರೆದೊಯ್ದು, ವಸ್ತಾದನ ಎದುರಿಗೆ ನಿಲ್ಲಿಸಿ, 'ಇಂವ ಪೈಲವಾನ ಆಗತಾನೇನ್ರಿ?' ಎಂದು ಕೇಳಿದಾಗ ಪ್ರಶ್ನೆಯ ಜಾತಿಯೇ ಬೇರೆಯಾಗುತ್ತದೆ. 'ಆಗತಾನ' ಎಂಬ ಒಂದು ಮಾತಿನ ಮೇಲೆ ಮನೆಯ ಹಾಲು, ತುಪ್ಪ, ಬಾದಾಮಿ ಎಲ್ಲವೂ ಒಬ್ಬನ ಬಾಯಿಗೆ ಹೋಗುತ್ತವೆ. ಅವನ ಓದು ಹಿಂದೆ ಬೀಳುತ್ತದೆ. ತಂಗಿಯ ಪಾಲಿನ ಲೋಟವೂ ಕೆಲವೊಮ್ಮೆ ಅವನ ಕಡೆಗೇ ಸರಿಯುತ್ತದೆ. 'ಆಗೂದಿಲ್ಲ' ಎಂದರೆ ಅಲ್ಲಿಗೆ ಒಂದು ಬಾಗಿಲು ಮುಚ್ಚಿತು. ಈ ಭವಿಷ್ಯವಾಣಿ ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದು ಇಲ್ಲಿಯ ವಿಚಾರ.

ದೂಧಗಂಗೆಯ ಈಚೆಗೆ ಕರ್ನಾಟಕ, ಆಚೆಗೆ ಮಹಾರಾಷ್ಟ್ರ. ಕುಸ್ತಿಗೆ ಮಾತ್ರ ಎರಡು ದಡಗಳೂ ಒಂದೇ. ಶಾಹು ಮಹಾರಾಜರು ಕಟ್ಟಿಸಿದ ಕೊಲ್ಲಾಪುರದ ಖಾಸಬಾಗ ಮೈದಾನವು ೧೯೧೨ರಲ್ಲಿ ತೆರೆದಂದಿನಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಹುಡುಗರ ಕಣ್ಣು ಅತ್ತ ಕಡೆಗೇ.

ಈ ಬಗೆಯ ಭವಿಷ್ಯವನ್ನು ಒಂದು ಉದ್ಯಮವನ್ನಾಗಿಯೇ ಮಾಡಿದವರು ಅಮೆರಿಕದವರು. ಅವರ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಉದ್ದುರುಟಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ, ನುಗ್ಗುವವನನ್ನು ನೆಲಕ್ಕೆ ಕೆಡಹುವ ಆಟ. ಕುಸ್ತಿಗೆ ದಾಯಾದಿಯೆನ್ನಲು ಅಡ್ಡಿಯಿಲ್ಲ. ಅಲ್ಲಿ ಪ್ರೌಢಶಾಲೆಯ ಹುಡುಗರನ್ನು ನೋಡಿ, ಎರಡರಿಂದ ಐದರವರೆಗೆ ನಕ್ಷತ್ರಗಳನ್ನು ಹಚ್ಚಿ, ದೇಶಕ್ಕೆಲ್ಲ ಒಂದು ಪಟ್ಟಿಯನ್ನು ಮಾಡಿ ಮಾರುವ ಸಂಸ್ಥೆಗಳೇ ಇವೆ. ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ ಐದು ನಕ್ಷತ್ರ ಸಿಕ್ಕರೆ ಹೆಚ್ಚು. ಎರಡು ಮೂರು ನಕ್ಷತ್ರಗಳವರು ಸಾವಿರಗಟ್ಟಲೆ. ಈ ನಕ್ಷತ್ರಗಳನ್ನು ಹೀಯಾಳಿಸುವವರಿಗೆ ಜೆ. ಜೆ. ವಾಟ್ ಎಂಬಾತನ ಹೆಸರು ಸದಾ ನಾಲಗೆಯ ತುದಿಯಲ್ಲಿರುತ್ತದೆ. ಎರಡೇ ನಕ್ಷತ್ರ ಪಡೆದ ಈತ ಮುಂದೆ ವೃತ್ತಿಪರ ಆಟದಲ್ಲಿ ೨೦೧೨, ೨೦೧೪ ಮತ್ತು ೨೦೧೫ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿಕೊಂಡ. ಹಾಗಾದರೆ ನಕ್ಷತ್ರಗಳೆಲ್ಲ ಸುಳ್ಳೇ?

ಇಲ್ಲಿ ಕೊಂಚ ಲೆಕ್ಕ ಮಾಡಬೇಕಾಗುತ್ತದೆ. ಸಾಹಿತ್ಯದ ಪುಟದಲ್ಲಿ ಲೆಕ್ಕವೇಕೆಂದು ಓದುಗರು ಮುನಿಯಬಾರದು. ಉದಾಹರಣೆಗಾಗಿ ಹೀಗೆ ಕಲ್ಪಿಸಿಕೊಳ್ಳೋಣ: ಐದು ನಕ್ಷತ್ರದ ಮೂವತ್ತು ಹುಡುಗರಲ್ಲಿ ಹತ್ತು ಮಂದಿ ಹೆಸರಾಂತ ಆಟಗಾರರಾದರು, ಕೆಳಗಿನ ನಕ್ಷತ್ರದ ಎರಡು ಸಾವಿರ ಹುಡುಗರಲ್ಲಿ ಐವತ್ತಕ್ಕೊಬ್ಬನಂತೆ ನಲವತ್ತು ಮಂದಿ ಹೆಸರಾಂತರಾದರು. ಈಗ ಹೆಸರಾಂತರ ಸಭೆಯನ್ನು ಕೂಡಿಸಿದರೆ ಐವತ್ತು ಕುರ್ಚಿಗಳಲ್ಲಿ ನಲವತ್ತರ ಮೇಲೆ ಕುಳಿತವರು ಪಟ್ಟಿಯು ಕಡೆಗಣಿಸಿದ ಹುಡುಗರೇ. ನೋಡಿದವರು 'ಪಟ್ಟಿ ಕುರುಡು' ಎನ್ನುತ್ತಾರೆ. ಆದರೆ ತಲೆಗೊಂದರಂತೆ ಲೆಕ್ಕ ಹಾಕಿದರೆ ಮೇಲಿನವನಿಗೆ ಕೆಳಗಿನವನಿಗಿಂತ ಹದಿನಾರು ಪಟ್ಟಿಗೂ ಮಿಕ್ಕ ಅವಕಾಶವಿತ್ತು. ಅದೇ ಹೊತ್ತಿಗೆ, ಮೇಲಿನ ಮೂವತ್ತರಲ್ಲಿ ಇಪ್ಪತ್ತು ಮಂದಿ ಏನೂ ಆಗದೆ ಹೋದರೆಂಬುದೂ ಅಷ್ಟೇ ನಿಜ. ಪಟ್ಟಿ ಸುಳ್ಳಲ್ಲ; ಅದು ಹೇಳುವುದು ಒಬ್ಬ ಹುಡುಗನ ಹಣೆಯ ಬರಹವನ್ನಲ್ಲ, ಒಂದು ಗುಂಪಿನ ಸರಾಸರಿಯನ್ನು. ಮನೆಯಲ್ಲಿ ಒಬ್ಬನೇ ಮಗನಿರುವ ತಂದೆಗೆ ಸರಾಸರಿಯಿಂದ ಏನು ಸಮಾಧಾನ?

ತಂಡದ ಮಾತು ಬೇರೆ. ಒಂದು ಕಾಲೇಜಿನ ಫುಟ್‌ಬಾಲು ತಂಡದಲ್ಲಿ ಎಂಬತ್ತೈದು ವಿದ್ಯಾರ್ಥಿವೇತನಗಳ ಮಿತಿ ಬಹುಕಾಲ ನಡೆದುಬಂದಿತ್ತು. ಅಷ್ಟು ಮಂದಿಯಲ್ಲಿ ಹತ್ತು ಜನರ ವಿಷಯದಲ್ಲಿ ಊಹೆ ತಪ್ಪಿದರೂ ಇನ್ನು ಹತ್ತು ಜನರ ವಿಷಯದಲ್ಲಿ ಅದು ಸರಿಹೋಗುತ್ತದೆ. ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ. ೨೦೧೧ರಿಂದ ೨೦೧೯ರವರೆಗೆ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದ ಅಲಬಾಮಾ, ಫ್ಲಾರಿಡಾ ಸ್ಟೇಟ್, ಓಹಾಯೊ ಸ್ಟೇಟ್, ಕ್ಲೆಮ್ಸನ್, ಎಲ್‌ಎಸ್‌ಯು ತಂಡಗಳೆಲ್ಲವೂ ನಾಲ್ಕೈದು ನಕ್ಷತ್ರದ ಹುಡುಗರನ್ನು ಹೇರಳವಾಗಿ ಕೂಡಿಹಾಕಿದ್ದ ತಂಡಗಳೇ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಕ್ಷತ್ರ ಹೆಚ್ಚಿದ್ದವನಿಗೆ ಒಳ್ಳೆಯ ತರಬೇತುದಾರ, ಒಳ್ಳೆಯ ಊಟ ದೊರೆಯುತ್ತವೆ. ತಪ್ಪಿದರೆ ಎರಡನೆಯ ಸಲ, ಮೂರನೆಯ ಸಲ ಆಡಿಸಿ ನೋಡುವ ತಾಳ್ಮೆಯೂ ದೊರೆಯುತ್ತದೆ. ಹೀಗೆ ಭವಿಷ್ಯ ಹೇಳಿದವರೇ ಅದನ್ನು ನಿಜಮಾಡುವ ಕೆಲಸದಲ್ಲಿಯೂ ಕೈಹಚ್ಚಿದಂತಾಗುತ್ತದೆ.

ನಮ್ಮ ಗಡಿಯ ಕಬಡ್ಡಿ ಆಟಗಾರನ ಪ್ರಸಂಗ ಇದಕ್ಕೆ ತಿರುಗುಮುರುಗಾಗಿದೆ. ಬೆಳಗಾವಿಗೆ ನೆರೆಯಾದ ಚಂದಗಡ ತಾಲೂಕಿನ ಹುಂದಳೇವಾಡಿಯ ಸಿದ್ಧಾರ್ಥ ದೇಸಾಯಿಯನ್ನು ೨೦೧೮ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮುಂಬಯಿಯ ತಂಡವು ೩೬.೪ ಲಕ್ಷ ರೂಪಾಯಿಗೆ ಕೊಂಡಿತು. ಆತ ಆ ವರ್ಷ ಇನ್ನೂರಕ್ಕೂ ಮಿಕ್ಕಿ ಅಂಕಗಳನ್ನು ತಂದ. ಮರುವರ್ಷ ತೆಲುಗು ಟೈಟನ್ಸ್ ತಂಡ ಕೊಟ್ಟ ಬೆಲೆ ೧.೪೫ ಕೋಟಿ, ಆ ಸಲದ ಹರಾಜಿಗೆ ಅದೇ ಶಿಖರ. ಹುಡುಗ ಆಗಲೂ ಇನ್ನೂರು ಅಂಕಗಳನ್ನು ದಾಟಿದ. ತಂಡ ಮಾತ್ರ ಪಟ್ಟಿಯ ಕೆಳತುದಿಯಲ್ಲಿ ಕುಳಿತಿತು. ಇಲ್ಲಿ ವ್ಯಕ್ತಿಯ ವಿಷಯದ ಭವಿಷ್ಯ ನಿಜ, ತಂಡದ ವಿಷಯದ್ದು ಸುಳ್ಳು. ಅಂಕಣದಲ್ಲಿ ಏಳೇ ಮಂದಿ ಇಳಿಯುವ ಆಟದಲ್ಲಿ ಒಬ್ಬನ ಮೇಲೆ ಥೈಲಿಯನ್ನೆಲ್ಲ ಸುರಿದರೆ ಉಳಿದ ಆರು ಮಂದಿಗೆ ಉಳಿಯುವುದೇನು? ೨೦೧೮ರಲ್ಲಿ ೨೭೧ ರೇಡ್ ಅಂಕಗಳನ್ನು ತಂದು ಬೆಂಗಳೂರು ಬುಲ್ಸ್ ತಂಡವನ್ನು ಗೆಲ್ಲಿಸಿದ ಪವನ ಸೆಹರಾವತನನ್ನು ೨೦೨೨ರಲ್ಲಿ ತಮಿಳ್ ತಲೈವಾಸ್ ತಂಡ ೨.೨೬ ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟು ಬಿದ್ದು ಆತ ಹೊರಗುಳಿದ. ಆತನಿಲ್ಲದ ಆ ತಂಡ ಅದೇ ವರ್ಷ ಮೊಟ್ಟಮೊದಲ ಬಾರಿಗೆ ಸೆಮಿಫೈನಲನ್ನು ಮುಟ್ಟಿತು! ಹರಾಜಿನ ಬೆಲೆಯೆಂಬುದು ಹೋದ ವರ್ಷದ ಮಳೆಗೆ ಕೊಡುವ ಕಂದಾಯ. ಬರುವ ವರ್ಷದ ಮೋಡ ಅದನ್ನು ಓದಿಕೊಂಡು ಬರುವುದಿಲ್ಲ.

ಆದರೆ ಹರಾಜಿಗೆ ನಿಲ್ಲುವವರು ಬೆಳೆದು ನಿಂತ ಆಟಗಾರರು. ಕಾಲೇಜಿನ ಹೊಸಿಲಲ್ಲಿ ನಿಂತ ಹುಡುಗನನ್ನು ಅಳೆಯುವ ಕಷ್ಟವನ್ನು ತಿಳಿಯಬೇಕಾದರೆ ಖಾಶಾಬಾ ಜಾಧವರ ಕಥೆಯನ್ನು ನೆನೆಯಬೇಕು. ಕರಾಡದ ಬಳಿಯ ಗೋಳೇಶ್ವರದಲ್ಲಿ ೧೯೨೬ರಲ್ಲಿ ಹುಟ್ಟಿದ ಇವರು ಪೈಲವಾನನ ಮಗನೇ. ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ ಸೇರಿದಾಗ ಕಾಲೇಜಿನ ವಾರ್ಷಿಕ ಕ್ರೀಡೆಗಳಿಗೆ ಹೆಸರು ಕೊಡಲು ಹೋದರು. ಕ್ರೀಡಾಶಿಕ್ಷಕರು ಆ ಗಿಡ್ಡ, ಸಣಕಲು ದೇಹವನ್ನು ನೋಡಿ ಬೇಡವೆಂದರು. ಹುಡುಗ ಪ್ರಾಚಾರ್ಯರ ಬಳಿಗೆ ಹೋದ, ಅಪ್ಪಣೆ ದೊರೆಯಿತು, ತನಗಿಂತ ದೊಡ್ಡ ದೇಹದವರನ್ನು ಒಬ್ಬೊಬ್ಬರನ್ನಾಗಿ ಕೆಡವಿದ. ಸಂದರ್ಭವಶಾತ್ ಒಂದು ಮಾತು: ಆ ರಾಜಾರಾಮ ಕಾಲೇಜು ಕನ್ನಡಿಗರಿಗೆ ಪರಕೀಯವಾದ ಮನೆಯಲ್ಲ. ಏಕಸಂಬಿಯ ಮಗ್ಗುಲಿನ ಸದಲಗಾದಲ್ಲಿ ಹುಟ್ಟಿದ, ಪ್ರಾಕೃತ ವಿದ್ವಾಂಸರಾದ ಆ. ನೇ. ಉಪಾಧ್ಯೆಯವರು ೧೯೩೦ರಿಂದ ಮೂರು ದಶಕಗಳ ಕಾಲ ಅಲ್ಲಿ ಪಾಠ ಹೇಳಿದರು. ವಿನಾಯಕ ಗೋಕಾಕರೂ ಕೆಲಕಾಲ ಅಲ್ಲಿಯ ಪ್ರಾಚಾರ್ಯರಾಗಿದ್ದರು.

ಜಾಧವರು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ಲೈವೇಟ್ ವರ್ಗದಲ್ಲಿ ಆರನೆಯವರಾದರು. ಅದುವರೆಗೆ ಮಣ್ಣಿನಲ್ಲಿ ಆಡಿದವರಿಗೆ ಚಾಪೆಯ ಕುಸ್ತಿಯೇ ಹೊಸದು. ೧೯೫೨ರ ಹೆಲ್ಸಿಂಕಿಗೆ ಹೊರಡುವ ಮುನ್ನ ಮತ್ತೆ ಪಟ್ಟಿ ಅಡ್ಡವಾಯಿತು. ಮದ್ರಾಸಿನ ಸ್ಪರ್ಧೆಯಲ್ಲಿ ತಮಗೆ ಬೇಕೆಂದೇ ಒಂದು ಅಂಕವನ್ನು ಕಡಿಮೆ ಕೊಟ್ಟರೆಂದು ಅವರು ದೂರಿದರು, ಪಟಿಯಾಲದ ಮಹಾರಾಜರ ಮೊರೆಹೊಕ್ಕರು, ಮರುಪಂದ್ಯದಲ್ಲಿ ಎದುರಾಳಿಯನ್ನು ಕೆಡವಿ ತಮ್ಮ ಸ್ಥಾನವನ್ನು ಪಡೆದರು. ಪ್ರಯಾಣದ ಹಣಕ್ಕೆ ಅವರ ಹಿಂದಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ವರ್ಗದ ಕಂಚು ಬಂದಿತು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕವದು. ಎರಡನೆಯದಕ್ಕೆ ನಾವು ೧೯೯೬ರವರೆಗೆ, ಎಂದರೆ ನಲವತ್ತನಾಲ್ಕು ವರ್ಷ, ಕಾಯಬೇಕಾಯಿತು. ಊರಿಗೆ ಮರಳಿದಾಗ ನೂರಕ್ಕೂ ಮಿಕ್ಕಿದ ಎತ್ತಿನ ಗಾಡಿಗಳ ಮೆರವಣಿಗೆ. ಜಾಧವರು ಮಾತ್ರ ಕುಸ್ತಿಗಳನ್ನು ಏರ್ಪಡಿಸಿ ತಾವೇ ಆಡಿ, ಬಂದ ಹಣದಿಂದ ಗುರುವಿನ ಮನೆಯನ್ನು ಬಿಡಿಸಿಕೊಟ್ಟರು.

ಈ ಕಥೆಯನ್ನು ಹೇಳಿ ಕ್ರೀಡಾಶಿಕ್ಷಕರನ್ನು ಮೂದಲಿಸುವುದು ವಾಡಿಕೆ. ನನಗೆ ಅದು ಅನ್ಯಾಯವೆನಿಸುತ್ತದೆ. ಮಣ್ಣಿನ ಅಖಾಡದಲ್ಲಿ ತೂಕದ ವರ್ಗಗಳಿರಲಿಲ್ಲ. ಜಾತ್ರೆಯ ಮೈದಾನದಲ್ಲಿ ಒಂದನೆಯ ನಂಬರಿನ ಕುಸ್ತಿ, ಎರಡನೆಯ ನಂಬರಿನ ಕುಸ್ತಿ ಎಂದು ಇನಾಮಿನ ಮೊತ್ತ ನಿಗದಿಯಾಗುವಾಗ ದೊಡ್ಡ ಮೊತ್ತ ದೊಡ್ಡ ದೇಹಕ್ಕೇ ಹೋಗುವುದು. ಆ ಶಿಕ್ಷಕರ ಕಣ್ಣು ಪಳಗಿದ್ದು ಆ ಅಖಾಡದಲ್ಲಿ. ಅಲ್ಲಿಯ ಮಟ್ಟಿಗೆ ಅವರ ತೀರ್ಪು ಅಸಂಗತವಲ್ಲ. ಆದರೆ ಹುಡುಗ ಮುಂದೆ ಆಡಬೇಕಾಗಿದ್ದುದು ಐವತ್ತೇಳು ಕಿಲೋಗಳ ಗೆರೆಯೊಳಗೆ, ಚಾಪೆಯ ಮೇಲೆ. ಮೊಳ ಸರಿಯಾಗಿಯೇ ಇತ್ತು. ಅಳೆದ ಬಟ್ಟೆ ಬೇರೆ. ಪಟ್ಟಿಗಳು ತಪ್ಪುವ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಇಂಥಲ್ಲಿ: ಇಂದು ನಡೆಯುವ ಆಟಕ್ಕಾಗಿ ಆರಿಸುತ್ತೇವೆ, ಹುಡುಗ ಆಡುವುದು ಹತ್ತು ವರ್ಷ ಕಳೆದ ಮೇಲೆ.

ಕಾಲೇಜಿನ ಹುಡುಗನ ವಿಷಯದಲ್ಲಿಯೇ ಹೀಗಾದರೆ ಹತ್ತು ವರ್ಷದ ಬಾಲಕನ ಗತಿಯೇನು? ಕರ್ನಾಟಕದ ಕ್ರೀಡಾ ವಸತಿ ನಿಲಯಗಳಿಗೆ ಕಿರಿಯರ ವಿಭಾಗದಲ್ಲಿ ಮಕ್ಕಳನ್ನು ಆರಿಸುವುದು ಈ ವಯಸ್ಸಿನ ಆಸುಪಾಸಿನಲ್ಲಿಯೇ. ಎತ್ತರ, ತೂಕ, ಓಟ, ನಿಂತಲ್ಲಿಂದ ಜಿಗಿತ ಇವೆಲ್ಲವನ್ನೂ ಅಳೆಯುತ್ತಾರೆ. ಅಳತೆಯಲ್ಲಿ ಪಕ್ಷಪಾತವಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಅಳತೆಗೆ ಸಿಕ್ಕುವುದು ಪ್ರತಿಭೆಯೋ, ಬರಿಯ ವಯಸ್ಸೋ? ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ೧೯೮೫ರಲ್ಲಿ ಕೆನಡಾದ ಹಿಮಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿ ನೋಡಿದರು. ಜನವರಿ, ಫೆಬ್ರವರಿ, ಮಾರ್ಚಿಯಲ್ಲಿ ಹುಟ್ಟಿದವರು ವರ್ಷದ ಕೊನೆಯಲ್ಲಿ ಹುಟ್ಟಿದವರಿಗಿಂತ ಬಹಳ ಹೆಚ್ಚು. ಅಲ್ಲಿ ವಯಸ್ಸಿನ ಗೆರೆಯನ್ನು ಎಳೆಯುವುದು ಜನವರಿ ಒಂದಕ್ಕೆ. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಎಂಟು ಹತ್ತು ವರ್ಷದವರಲ್ಲಿ ಒಂದು ವರ್ಷವೆಂದರೆ ಭುಜದ ಅಗಲವೇ ಬೇರೆ. ದೊಡ್ಡದು ಆಯ್ಕೆಯಾಯಿತು, ತರಬೇತಿ ಪಡೆಯಿತು, ಮುಂದೆ ನಿಜವಾಗಿಯೂ ಚೆನ್ನಾಗಿ ಆಡಿತು.

ನಮ್ಮ ಹಳ್ಳಿಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಸುತ್ತು ಹೆಚ್ಚು. ಹಿಂದಿನ ತಲೆಮಾರಿನ ಶಾಲೆಯ ದಾಖಲೆಗಳನ್ನು ತೆರೆದು ನೋಡಿದರೆ ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದಂತೆ ಕಾಣುತ್ತದೆ. ತಾಯಿ 'ಕಾರಹುಣ್ಣಿಮೆಯ ಹಿಂದುಮುಂದೆ' ಎಂದಳು. ಮಾಸ್ತರರು ಶಾಲೆ ತೆರೆಯುವ ದಿನವನ್ನೇ ಬರೆದುಕೊಂಡರು. ಈಗ ಜನನದ ನೋಂದಣಿಯಿದೆ, ಆದರೂ ಆಟದಲ್ಲಿ ವಯಸ್ಸನ್ನು ಕಡಿಮೆ ತೋರಿಸುವ ಚಾಳಿ ಹೋಗಿಲ್ಲ. ಕ್ರಿಕೆಟ್ ಮಂಡಳಿಯು ಎಳೆಯರ ಮಣಿಕಟ್ಟಿನ ಎಲುಬುಗಳ ಕ್ಷ-ಕಿರಣ ಚಿತ್ರವನ್ನು ತೆಗೆಸಿ ವಯಸ್ಸನ್ನು ಗೊತ್ತುಮಾಡುವವರೆಗೆ ಬಂದಿದೆ. ಎಲುಬು ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಆದರೆ ಅದು ಹೇಳುವುದು ಪಂಚಾಂಗದ ವಯಸ್ಸನ್ನಲ್ಲ, ದೇಹ ಎಷ್ಟು ಬೆಳೆದಿದೆಯೆಂಬುದನ್ನು. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಹನ್ನೆರಡಕ್ಕೆ ಮೀಸೆ ಚಿಗುರುತ್ತದೆ, ಇನ್ನೊಬ್ಬನಿಗೆ ಹದಿನೈದಕ್ಕೆ. ಬೇಗ ಬೆಳೆದವನು ಬೇಗನೆ ಗೆಲ್ಲುತ್ತಾನೆ. ಉಳಿದವರು ಬೆಳೆದು ಸರಿಸಮನಾದ ದಿನ ಅವನ ಮೇಲುಗೈ ಕರಗುತ್ತದೆ. ತಡವಾಗಿ ಬೆಳೆದವನು ಆ ದಿನದವರೆಗೆ ಅಖಾಡದಲ್ಲಿ ಉಳಿದಿದ್ದರಲ್ಲವೆ?

ನಿಲಯಗಳಿಗೆ ಪ್ರೌಢಶಾಲೆಯ ಹಂತದಲ್ಲಿ ಮತ್ತೊಂದು ಆಯ್ಕೆಯುಂಟು. ಐದನೆಯ ತರಗತಿಯಲ್ಲಿ ಬೇಡವೆನಿಸಿಕೊಂಡ ಹುಡುಗನನ್ನು ಎಂಟನೆಯ ತರಗತಿಯ ಹೊತ್ತಿಗೆ ಮತ್ತೆ ಕಳುಹಿಸಬೇಕೆಂದು ನೆನಪಿಟ್ಟುಕೊಳ್ಳುವ ಮಾಸ್ತರರು ಊರಿಗೆ ಒಬ್ಬರಾದರೂ ಬೇಕು. ಇಂಗ್ಲೆಂಡಿನ ಕಾಲ್ಚೆಂಡಿನ ಅಕಾಡೆಮಿಗಳು ಕಳೆದೊಂದು ದಶಕದಿಂದ ಬೇರೊಂದು ಪ್ರಯೋಗವನ್ನೂ ಮಾಡುತ್ತಿವೆ: ಹುಡುಗರನ್ನು ಕೆಲವೊಮ್ಮೆ ಹುಟ್ಟಿದ ವರ್ಷದಂತೆ ವಿಂಗಡಿಸದೆ, ದೇಹದ ಬೆಳವಣಿಗೆಯಂತೆ ಗುಂಪುಮಾಡಿ ಆಡಿಸುವುದು. ಸಣ್ಣವನು ತನ್ನ ಅಳತೆಯವನೊಡನೆ ಆಡುವಾಗ ಅವನ ಚಾತುರ್ಯ ಕಣ್ಣಿಗೆ ಬೀಳುತ್ತದೆ. ಬೇಗ ಬೆಳೆದವನು ಹಿರಿಯರೊಡನೆ ಆಡುವಾಗ ಬರಿಯ ತೋಳ್ಬಲದಿಂದ ಗೆಲ್ಲಲಾರದೆ ಡಾವುಪೇಚುಗಳನ್ನು ಕಲಿಯುತ್ತಾನೆ. ಅಲ್ಲಿ ಇದನ್ನು ಹೊಸ ಶಾಸ್ತ್ರವೆಂದು ಬರೆಯುತ್ತಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ, ದೊಡ್ಡ ಕುಸ್ತಿಗಳಿಗೆ ಮೊದಲು, ಎಳೆಯ ಹುಡುಗರ ಜೋಡಿಗಳನ್ನು ಹಚ್ಚುವ ಹಿರಿಯರು ಯಾರ ಜನ್ಮದಿನವನ್ನೂ ಕೇಳುವುದಿಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ, ಭುಜಕ್ಕೆ ಭುಜ ತಾಗಿಸಿ ನೋಡುತ್ತಾರೆ, ತೋಳನ್ನೊಮ್ಮೆ ಹಿಚುಕುತ್ತಾರೆ. ಸರಿಯೆನಿಸಿದರೆ ಇಬ್ಬರ ಕೈಯನ್ನೂ ಮೇಲಕ್ಕೆತ್ತಿ ಮೈದಾನವನ್ನು ಒಂದು ಸುತ್ತು ತೋರಿಸಿ, ಕೆಮ್ಮಣ್ಣಿಗೆ ಬಿಡುತ್ತಾರೆ.